ಕೃಷ್ಣಾ ತೀರದ ಹಳ್ಳಿಗಳಿಗೆ ನೆರೆಯ ಮುನ್ನೆಚ್ಚರಿಕೆ

ಮಹಾಬಳೇಶ್ವರದಿಂದ ಆಂಬೋಲಿಯವರೆಗೆ ಸಹ್ಯಾದ್ರಿಯ ಪೂರ್ವದ ಇಳಿಜಾರಿನಲ್ಲಿ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಸುರಿಯುವ ಮಳೆಯೇ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾದಗಿರಿ ಮತ್ತು ರಾಯಚೂರು ಜಿಲ್ಲೆಗಳ ನದಿತೀರದ ಹಳ್ಳಿಗಳಿಗೆ ನೆರೆಯಾಗಿ ಬಂದು ಮುಟ್ಟುತ್ತದೆ. ಈ ಜಿಲ್ಲೆಗಳ ಬಹುಭಾಗ ಮಳೆನೆರಳಿನ ಪ್ರದೇಶ, ಎಂದರೆ ಘಟ್ಟವು ಮೋಡಗಳ ನೀರನ್ನು ಇಳಿಸಿಕೊಂಡ ಮೇಲೆ ಉಳಿದ ಅಲ್ಪಸ್ವಲ್ಪ ಮಳೆಯನ್ನಷ್ಟೇ ಪಡೆಯುವ ಬಯಲುನಾಡು. ಆದ್ದರಿಂದ ಅಥಣಿಯ ಅಥವಾ ಜಮಖಂಡಿಯ ರೈತನು ಮಳೆಗಾಗಿ ಮುಗಿಲು ನೋಡುತ್ತಿರುವ ದಿನವೇ ಅವನ ಊರಿನ ಹೊಳೆ ದಂಡೆ ಮೀರಿ ಏರುವುದು ಇಲ್ಲಿ ಅಪರೂಪವಲ್ಲ. ಮಳೆ ಬೀಳುವ ಜಾಗಕ್ಕೂ ನೆರೆ ಬರುವ ಜಾಗಕ್ಕೂ ಇರುವ ಈ ದೂರದಿಂದ ಅಪಾಯವೂ ಇದೆ, ಅನುಕೂಲವೂ ಇದೆ. ತಲೆಯ ಮೇಲಿನ ಆಕಾಶ ಯಾವ ಸೂಚನೆಯನ್ನೂ ಕೊಡದಿರುವುದು ಅಪಾಯ. ಆದರೆ ಅಷ್ಟು ದೂರದಿಂದ ಹರಿದು ಬರಲು ನೀರಿಗೆ ಹಿಡಿಯುವ ಹೊತ್ತು, ಬಳಸಿಕೊಳ್ಳುವುದಾದರೆ, ಮನೆಮಂದಿಯನ್ನೂ ದನಕರುಗಳನ್ನೂ ಎತ್ತರದ ಜಾಗಕ್ಕೆ ಸಾಗಿಸಲು ಸಾಕಾಗುವಷ್ಟಿರುತ್ತದೆ. ನೆರೆಯ ಮುನ್ನೆಚ್ಚರಿಕೆಯ ವ್ಯವಸ್ಥೆಯೆಲ್ಲ ನಿಂತಿರುವುದು ಈ ಕಾಲಾವಕಾಶದ ಮೇಲೆ. ಅದರಲ್ಲಿ ಎಷ್ಟು ಭಾಗ ಕಚೇರಿಗಳ ನಡುವೆಯೇ ಕಳೆದುಹೋಗುತ್ತದೆ, ಎಷ್ಟು ಭಾಗ ಹಳ್ಳಿಯ ಕೈಗೆ ಸಿಗುತ್ತದೆ ಎಂಬುದನ್ನು ನೋಡಿದರೆ ವ್ಯವಸ್ಥೆಯ ಯೋಗ್ಯತೆ ತಿಳಿಯುತ್ತದೆ.

ಕೃಷ್ಣೆಯ ದಾರಿಯನ್ನು ಮೊದಲು ಗಮನಿಸಬೇಕು. ಮಹಾಬಳೇಶ್ವರದ ಬಳಿ ಹುಟ್ಟುವ ನದಿಗೆ ಕರಾಡದಲ್ಲಿ ಕೊಯ್ನಾ ಸೇರುತ್ತದೆ, ಸಾಂಗ್ಲಿಯ ಹತ್ತಿರ ವಾರಣಾ ಸೇರುತ್ತದೆ, ನರಸೋಬವಾಡಿಯಲ್ಲಿ ಕೊಲ್ಹಾಪುರದ ಕಡೆಯಿಂದ ಬರುವ ಪಂಚಗಂಗೆ ಸೇರುತ್ತದೆ. ಅಲ್ಲಿಂದ ಮುಂದೆ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜನ್ನು ದಾಟಿ ನದಿಯು ಕರ್ನಾಟಕವನ್ನು ಪ್ರವೇಶಿಸುತ್ತದೆ. ವೇದಗಂಗೆಯನ್ನು ಕೂಡಿಸಿಕೊಂಡು ಬರುವ ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಗೆ ಬೆರೆಯುತ್ತದೆ. ಬಳಿಕ ಕುಡಚಿ, ಹಿಪ್ಪರಗಿ, ಆಲಮಟ್ಟಿ. ಘಟಪ್ರಭೆಯು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ, ಮಲಪ್ರಭೆಯು ಆ ಅಣೆಕಟ್ಟಿನ ಕೆಳಗೆ ಕೂಡಲಸಂಗಮದಲ್ಲಿ ಬಂದು ಸೇರುತ್ತವೆ. ಹೀಗೆ ರಾಜಾಪುರದಲ್ಲಿ ಅಳೆದ ಹರಿವಿನ ಒಂದು ಅಂಕಿಯ ಹಿಂದೆ ನಾಲ್ಕು ನದಿಗಳ ಮಳೆ ಇರುತ್ತದೆ. ಚಿಕ್ಕೋಡಿ ತಾಲ್ಲೂಕಿನ ಯಡೂರು, ಕಲ್ಲೋಳ, ಅಂಕಲಿ, ಮಾಂಜರಿಗಳಂಥ ಊರುಗಳ ಭಾಗ್ಯವನ್ನು ನಿರ್ಧರಿಸಲು ಆ ಅಂಕಿಯ ಜೊತೆಗೆ ದೂಧಗಂಗೆಯ ಲೆಕ್ಕವೂ ಸೇರಬೇಕಾಗುತ್ತದೆ.

ಮುನ್ನೆಚ್ಚರಿಕೆಯ ಮೊದಲ ಅಳತೆ ಮಳೆಯದು. ಭಾರತದ ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಅದು ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ, ಅದಕ್ಕೂ ಮೀರಿದರೆ ಅತ್ಯಂತ ಭಾರಿ ಮಳೆ. ಮಿಲಿಮೀಟರ್ ಎಂಬುದು ಕಿವಿಗೆ ತೀರ ಚಿಕ್ಕ ಅಳತೆಯಾಗಿ ಕೇಳಿಸುತ್ತದೆಯಾದರೂ, ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ಘಟ್ಟದ 1,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಒಂದು ದಿನದಲ್ಲಿ 200 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು ಸುಮಾರು 7 ಟಿಎಂಸಿಯಷ್ಟಾಗುತ್ತದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮುಂಗಾರಿನ ಆರಂಭದಲ್ಲಿ ಇದರ ಒಂದು ಪಾಲನ್ನು ಒಣ ಮಣ್ಣು ಹೀರಿಕೊಳ್ಳುತ್ತದೆ, ಆದರೆ ಕೆಲವು ವಾರಗಳ ಸತತ ಮಳೆಯ ನಂತರ ನೆಲ ತಣಿದು ನಿಂತಾಗ ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಹಳ್ಳಕ್ಕೇ ಇಳಿಯುತ್ತದೆ. ಆದಕಾರಣ ಜೂನ್ ತಿಂಗಳ ಭಾರಿ ಮಳೆಯೂ ಆಗಸ್ಟ್ ತಿಂಗಳ ಭಾರಿ ಮಳೆಯೂ ನದಿಗೆ ಒಂದೇ ಅಲ್ಲ. ಮಳೆಯ ಎಚ್ಚರಿಕೆಯನ್ನೇ ನೆರೆಯ ಎಚ್ಚರಿಕೆ ಎಂದು ತಿಳಿಯುವವರು ಈ ಭೇದವನ್ನು ಮರೆಯುತ್ತಾರೆ.

ಎರಡನೆಯ ಅಳತೆ ನದಿಯ ಮಟ್ಟದ್ದು. ಸೇತುವೆಯ ಕಂಬಕ್ಕೋ ದಂಡೆಯ ಕಲ್ಲಿಗೋ ಬರೆದ ಅಳತೆಪಟ್ಟಿಯನ್ನು ನೆರೆಯ ದಿನಗಳಲ್ಲಿ ಗಂಟೆಗೊಮ್ಮೆ ಓದುವ ಹಳೆಯ ಪದ್ಧತಿಯೂ, ನೀರಿನ ಮೇಲ್ಮೈಯನ್ನು ರಾಡಾರ್‌ನಿಂದ ಅಳೆದು ಉಪಗ್ರಹದ ಮೂಲಕ ಕಳಿಸುವ ಹೊಸ ಉಪಕರಣವೂ ಇಂದು ಜೊತೆಜೊತೆಯಾಗಿ ನಡೆಯುತ್ತಿವೆ. ಭಾರತದಲ್ಲಿ ಶಾಸ್ತ್ರೀಯ ನೆರೆ ಮುನ್ಸೂಚನೆ 1958ರಲ್ಲಿ ದೆಹಲಿಯ ಯಮುನಾ ನದಿಯಲ್ಲಿ, ಹಳೆಯ ರೈಲ್ವೆ ಸೇತುವೆಯ ಬಳಿ ಆರಂಭವಾಯಿತು. ಈಗ ಕೇಂದ್ರ ಜಲ ಆಯೋಗವು ದೇಶದ 300ಕ್ಕೂ ಹೆಚ್ಚು ಸ್ಥಳಗಳಿಗೆ ಮುನ್ಸೂಚನೆ ನೀಡುತ್ತದೆ. ಪ್ರತಿ ಕೇಂದ್ರಕ್ಕೂ ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ ಎಂಬ ಎರಡು ಗೆರೆಗಳಿರುತ್ತವೆ. ನೀರು ಮೊದಲನೆಯದನ್ನು ಮುಟ್ಟಿದಾಗ ಆಡಳಿತ ಸಜ್ಜಾಗಬೇಕು, ಎರಡನೆಯದನ್ನು ಮುಟ್ಟಿದಾಗ ಜನವಸತಿಗೆ ಹಾನಿ ಶುರುವಾಗುತ್ತದೆ ಎಂದು ಲೆಕ್ಕ. ಇವುಗಳ ಮೇಲೆ ಮೂರನೆಯದಾಗಿ, ಆ ಸ್ಥಳದಲ್ಲಿ ಹಿಂದೆಂದಾದರೂ ದಾಖಲಾದ ಅತಿ ಎತ್ತರದ ನೀರಿನ ಗುರುತು, ಎಂದರೆ ಗರಿಷ್ಠ ನೆರೆ ಮಟ್ಟ, ಇರುತ್ತದೆ. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ ಎಚ್ಚರಿಕೆಯ ಮಟ್ಟ 40 ಅಡಿ, ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ನೀರು 57 ಅಡಿಯನ್ನೂ ಮೀರಿ ನಿಂತಿತು. ಕೊಲ್ಹಾಪುರದ ಹತ್ತಿರ ಪಂಚಗಂಗೆಯ ರಾಜಾರಾಮ ಬಂಧಾರದಲ್ಲಿ ಈ ಮಟ್ಟಗಳು 39 ಮತ್ತು 43 ಅಡಿ. ಗಡಿಯ ಈಚೆಗಿನ ಹಳ್ಳಿಗಳಲ್ಲಿ ಹೊಳೆಯ ಸುದ್ದಿಯನ್ನು ಅರಿತವರು ಮಳೆಗಾಲದಲ್ಲಿ ಈ ಎರಡು ಕಡೆಯ ನೀರಿನ ಮಟ್ಟವನ್ನು ದಿನವೂ ವಿಚಾರಿಸುವುದು ವ್ಯರ್ಥವಲ್ಲ. ಅಲ್ಲಿ ಏರಿದ ನೀರಿಗೆ ಇಳಿದು ಹೋಗಲು ಇರುವುದು ಇದೇ ದಾರಿ.

ಮೂರನೆಯದು ಅಣೆಕಟ್ಟಿನ ಲೆಕ್ಕ, ಎಂದರೆ ಜಲಾಶಯಕ್ಕೆ ಬರುವ ಒಳಹರಿವು ಮತ್ತು ಅಲ್ಲಿಂದ ಬಿಡುವ ಹೊರಹರಿವು. ಇವನ್ನು ಕ್ಯುಸೆಕ್‌ಗಳಲ್ಲಿ ಹೇಳುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿಯಾಗುತ್ತದೆ. ಆಲಮಟ್ಟಿಯ ಈಗಿನ ಪೂರ್ಣ ಸಾಮರ್ಥ್ಯ ಸುಮಾರು 123 ಟಿಎಂಸಿ. ನಾಲ್ಕು ಲಕ್ಷ ಕ್ಯುಸೆಕ್‌ನ ಒಳಹರಿವು ಅಂಥ ಖಾಲಿ ಜಲಾಶಯವನ್ನೂ ನಾಲ್ಕು ದಿನಗಳೊಳಗೆ ತುಂಬಿಬಿಡಬಲ್ಲದು. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರನ್ನು ಬಿಡಬೇಕಾಯಿತು. ಇಷ್ಟು ದೊಡ್ಡ ಹರಿವಿನ ಮುಂದೆ ಅಣೆಕಟ್ಟಿನ ಶಕ್ತಿ ಎಷ್ಟಿದೆ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ: ಜಲಾಶಯದಲ್ಲಿ ಮೊದಲೇ ಜಾಗ ಉಳಿಸಿಕೊಂಡಿದ್ದರೆ ನೆರೆಯ ತುದಿಯನ್ನು ಒಂದಷ್ಟು ತಗ್ಗಿಸಿ, ಒಂದಷ್ಟು ಮುಂದೂಡಬಹುದೇ ಹೊರತು ನೆರೆಯನ್ನೇ ತಡೆಯಲು ಆಗುವುದಿಲ್ಲ. ಯಾವ ತಿಂಗಳಲ್ಲಿ ಎಷ್ಟು ಮಟ್ಟದವರೆಗೆ ನೀರು ನಿಲ್ಲಿಸಬಹುದು ಎಂದು ಮೊದಲೇ ಗೊತ್ತುಮಾಡಿದ ನಿಯಮ ರೇಖೆಯೊಂದು ಜಲಾಶಯಕ್ಕೆ ಇರುತ್ತದೆ; ಬೇಸಿಗೆಯ ನೀರಿನ ಚಿಂತೆ ಮತ್ತು ಮಳೆಗಾಲದ ನೆರೆಯ ಚಿಂತೆ ಎರಡನ್ನೂ ತೂಗಿ ನೋಡಬೇಕಾದ ಕಷ್ಟದ ತೀರ್ಮಾನ ಅದರ ಹಿಂದಿದೆ. ಪಂಚಗಂಗೆಯ ಮೇಲ್ಭಾಗದ ರಾಧಾನಗರಿ ಅಣೆಕಟ್ಟಿನಲ್ಲಿ ಸ್ವಯಂಚಾಲಿತ ಬಾಗಿಲುಗಳಿವೆ. ನೀರು ನಿಗದಿತ ಮಟ್ಟ ಮುಟ್ಟಿದೊಡನೆ ಅವು ತಾವಾಗಿಯೇ ತೆರೆದುಕೊಳ್ಳುತ್ತವೆ. ಅಂಥ ಕಡೆ ನೀರು ಬಿಡುವ ಆದೇಶಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ, ಜಲಾಶಯದ ಮಟ್ಟವನ್ನೇ ಮುನ್ನೆಚ್ಚರಿಕೆಯೆಂದು ಓದಬೇಕು.

ಮೇಲಿನ ಮೂರೂ ಅಳತೆಗಳು ಇಂದು ಸಾಕಷ್ಟು ಚೆನ್ನಾಗಿ ನಡೆಯುತ್ತಿವೆ ಎಂದು ಹೇಳುವುದು ನ್ಯಾಯ. 1988ರಲ್ಲಿ ಬರ ನಿರ್ವಹಣೆಗಾಗಿ ಹುಟ್ಟಿದ ಘಟಕವೇ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದ್ದು, ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟು 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ರೈತರು ದೂರವಾಣಿಯಲ್ಲಿ ವಿಚಾರಿಸಲು ‘ವರುಣ ಮಿತ್ರ’ ಎಂಬ ಸಹಾಯವಾಣಿಯನ್ನೂ ಹಗಲಿರುಳು ನಡೆಸುತ್ತದೆ. ಭಾರತದ ಅನೇಕ ರಾಜ್ಯಗಳಲ್ಲಿ ಇಷ್ಟು ದಟ್ಟವಾದ ಮಳೆಮಾಪಕ ಜಾಲ ಇಲ್ಲ. ಹಾಗಿದ್ದರೂ ನೆರೆ ಬಂದಾಗಲೆಲ್ಲ, ತಮಗೆ ಯಾರೂ ಹೇಳಲಿಲ್ಲ ಎಂದು ಹಳ್ಳಿಗರು ದೂರುವುದೂ, ಎಲ್ಲರಿಗೂ ಹೇಳಿದ್ದೆವು ಎಂದು ಅಧಿಕಾರಿಗಳು ಉತ್ತರಿಸುವುದೂ ನಡೆದೇ ಇದೆ. ಈ ಎರಡು ಮಾತುಗಳೂ ನಿಜವಾಗಿರಲು ಸಾಧ್ಯವಿದೆ ಎಂಬುದನ್ನು ಒಪ್ಪಿಕೊಂಡರೆ ಮಾತ್ರ ಕೊರತೆ ಎಲ್ಲಿದೆ ಎಂದು ಹುಡುಕಬಹುದು. ರಾಜಾಪುರದಿಂದ ಒಂದೂವರೆ ಲಕ್ಷ ಕ್ಯುಸೆಕ್ ಬರುತ್ತಿದೆ ಎಂಬ ವಾಕ್ಯವನ್ನು ಕೇಳಿದ ಮನೆಯೊಡತಿಗೆ ಬೇಕಾದದ್ದು ಬೇರೆಯೇ ಆದ ವಿಷಯ: ನೀರು ತನ್ನ ಮನೆಯ ಹಿತ್ತಲಿಗೆ ಬರುತ್ತದೆಯೋ, ಕಟ್ಟೆಗೆ ಬರುತ್ತದೆಯೋ, ಒಳಗೇ ಬರುತ್ತದೆಯೋ, ಸಂಜೆಗೆ ಬರುತ್ತದೆಯೋ, ನಡುರಾತ್ರಿಗೆ ಬರುತ್ತದೆಯೋ, ಊರಿನಿಂದ ಹೊರಗೆ ಹೋಗುವ ದಾರಿ ಅದಕ್ಕೂ ಮೊದಲೇ ಮುಳುಗುತ್ತದೆಯೋ. ಈ ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಮುನ್ನೆಚ್ಚರಿಕೆ ಅರ್ಧದಲ್ಲೇ ನಿಂತಿರುತ್ತದೆ, ಅದನ್ನು ಪೂರ್ತಿಗೊಳಿಸುವ ಕೆಲಸ ನಡೆಯಬೇಕಾದದ್ದು ಹಳ್ಳಿಯಲ್ಲಿಯೇ.

ಹರಿವಿನ ಅಂಕಿಯನ್ನು ಊರಿನ ಗುರುತುಗಳಿಗೆ ಪರಿವರ್ತಿಸಿಕೊಳ್ಳುವ ಅನುಭವಜನ್ಯ ಜ್ಞಾನ ನದಿತೀರದಲ್ಲಿ ಈಗಾಗಲೇ ಇದೆ. ಕಲ್ಲೋಳ ಮತ್ತು ಯಡೂರಿನ ನಡುವಣ ತಗ್ಗು ಸೇತುವೆ ಮುಳುಗಿತೆಂದರೆ ಮುಂದಿನ ಸರದಿ ಯಾವ ರಸ್ತೆಯದು, ಯಾವ ಕಬ್ಬಿನ ಗದ್ದೆಯದು ಎಂದು ಆ ಭಾಗದ ಹಿರಿಯರು ಬಲ್ಲರು. ಹೊಳೆಯ ದಂಡೆಗೆ ಪಂಪ್‌ಸೆಟ್ ಇಟ್ಟುಕೊಂಡ ರೈತರು ನೀರು ಏರತೊಡಗಿದೊಡನೆ ಮೋಟಾರು ಬಿಚ್ಚಿ ಮೇಲಕ್ಕೆ ಸಾಗಿಸುತ್ತಾರೆ. ಎಷ್ಟು ಎತ್ತರಕ್ಕೆ ಸಾಗಿಸಬೇಕು ಎಂಬುದನ್ನು ಅವರು ಪ್ರತಿ ವರ್ಷ ಅಂದಾಜು ಮಾಡಿಕೊಳ್ಳುತ್ತಲೇ ಬಂದಿದ್ದಾರೆ. ಲಿಂಗಸುಗೂರು ತಾಲ್ಲೂಕಿನಲ್ಲಿ ನಾರಾಯಣಪುರ ಅಣೆಕಟ್ಟಿನ ಹೊರಹರಿವು ಹೆಚ್ಚಿದಾಗ ಶೀಲಹಳ್ಳಿ ಸೇತುವೆ ಮುಳುಗಿ, ಅದರಾಚೆಯ ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. ಅಲ್ಲಿನ ಜನರಿಗೆ ಮುನ್ನೆಚ್ಚರಿಕೆ ಎಂದರೆ ಮೊದಲನೆಯದಾಗಿ ಆ ಸೇತುವೆ ಇನ್ನು ಎಷ್ಟು ಹೊತ್ತು ನಡೆದಾಡಲು ಸಿಗುತ್ತದೆ ಎಂಬ ಮಾಹಿತಿ, ಏಕೆಂದರೆ ಗರ್ಭಿಣಿಯರನ್ನೂ ಕಾಯಿಲೆಯವರನ್ನೂ ಅಷ್ಟರೊಳಗೇ ಈಚೆ ದಂಡೆಗೆ ತರಬೇಕು. ಇಂಥ ತಿಳಿವಳಿಕೆ ಬಾಯಿಂದ ಬಾಯಿಗೆ ಉಳಿದುಬಂದಿದೆಯೇ ಹೊರತು ಬರಹಕ್ಕೆ ಇಳಿದಿಲ್ಲ. ಹಿರಿಯರ ಜೊತೆಗೆ ಅದೂ ಕಡಿಮೆಯಾಗುತ್ತಿದೆ. ಹೊಸದಾಗಿ ವರ್ಗವಾಗಿ ಬಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಾಗಲಿ ಗ್ರಾಮ ಆಡಳಿತಾಧಿಕಾರಿಗಾಗಲಿ ಅದು ತಿಳಿದಿರುವ ಸಂಭವ ಕಡಿಮೆ.

ಪ್ರತಿ ನದಿತೀರದ ಪಂಚಾಯಿತಿಯೂ ತನ್ನ ಊರಿನ ಗೋಡೆಯ ಮೇಲೆ, ಮೇಲ್ಭಾಗದ ಯಾವ ಕೇಂದ್ರದಲ್ಲಿ ಎಷ್ಟು ಹರಿವು ಇದ್ದಾಗ ತನ್ನಲ್ಲಿ ನೀರು ಎಲ್ಲಿಗೆ ಬಂದಿತ್ತು, ಎಷ್ಟು ಗಂಟೆಗಳ ನಂತರ ಬಂದಿತ್ತು ಎಂಬುದನ್ನು ಬರೆದಿಡಬೇಕಾದ ಅಗತ್ಯ ಇದರಿಂದ ಎದ್ದು ಕಾಣುತ್ತದೆ. ಬಸ್ ನಿಲ್ದಾಣದ ಕಂಬ, ಶಾಲೆಯ ಮೆಟ್ಟಿಲು, ಗುಡಿಯ ಕಟ್ಟೆ, ಪಡಿತರ ಅಂಗಡಿಯ ಬಾಗಿಲು ಮುಂತಾಗಿ ಊರಿನವರೆಲ್ಲ ಬಲ್ಲ ಜಾಗಗಳಲ್ಲಿ 2005, 2019 ಮತ್ತು 2021ರ ನೆರೆಗಳ ನೀರಿನ ಗುರುತುಗಳನ್ನು ಬಣ್ಣದಲ್ಲಿ ಎಳೆದು, ಅವುಗಳ ಪಕ್ಕದಲ್ಲಿ ಆ ದಿನದ ಕ್ಯುಸೆಕ್ ಅಂಕಿಯನ್ನು ಬರೆಯುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ. ಮುಂದೊಂದು ದಿನ ಅದೇ ಅಂಕಿ ಆಕಾಶವಾಣಿಯಲ್ಲಿ ಕೇಳಿಬಂದಾಗ ಹಳ್ಳಿಯವರಿಗೆ ಅಡಿಗಳ ಮತ್ತು ಮೀಟರುಗಳ ವಿವರಣೆ ಬೇಕಾಗುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ, ಅದನ್ನು ಮಲಪ್ರಭೆ ಕಲಿಸಿದೆ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಹಲವು ವರ್ಷ ಪೂರ್ತಿಯಾಗಿ ತುಂಬದೆ ಉಳಿದಿತ್ತು. ಕೆಳಗಿನ ನದಿಪಾತ್ರದಲ್ಲಿ ನೀರಿನ ಹರಿವು ಕ್ಷೀಣಿಸಿ, ಮುಳ್ಳುಗಂಟಿ ಬೆಳೆದು, ದಂಡೆಯ ಸಾಗುವಳಿ ಪಾತ್ರದೊಳಕ್ಕೇ ಇಳಿದು, ನದಿ ತನ್ನ ಅಗಲವನ್ನು ಕಳೆದುಕೊಂಡಿತ್ತು. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ನೀರನ್ನು ಬಿಡಲೇಬೇಕಾದಾಗ, ಅದು ಹಳೆಯ ಪಾತ್ರವನ್ನು ಕಾಣದೆ ಹೊಲಗಳ ಮೇಲೂ ಊರುಗಳ ಮೇಲೂ ಹರಡಿತು. ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಗ್ರಾಮಗಳು ಜಲಾವೃತವಾದವು, ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. ಹರಿವಿಗೂ ಮಟ್ಟಕ್ಕೂ ಇರುವ ಸಂಬಂಧವು ನದಿಪಾತ್ರದ ಆಕಾರವನ್ನು ಅವಲಂಬಿಸಿರುತ್ತದೆ ಎಂಬುದು ಜಲಶಾಸ್ತ್ರದ ಮೊದಲ ಪಾಠ; ಪಾತ್ರ ಕಿರಿದಾದರೆ ಹಿಂದೆ ದಂಡೆಯೊಳಗೇ ಹೋಗುತ್ತಿದ್ದ ಅಷ್ಟೇ ನೀರು ಈಗ ಊರೊಳಗೆ ಬರುತ್ತದೆ. ಆದ್ದರಿಂದ ಗೋಡೆಯ ಗುರುತು ಒಮ್ಮೆ ಬರೆದು ಮರೆಯುವ ವಿಷಯವಲ್ಲ, ಪ್ರತಿ ನೆರೆಯ ನಂತರ ತಿದ್ದಬೇಕಾದದ್ದು. ಸೇತುವೆಯ ಎರಡು ಬದಿಗೆ ಮಣ್ಣು ಏರಿಸಿ ಎತ್ತರದ ರಸ್ತೆ ಮಾಡಿದರೂ ಇದೇ ಪರಿಣಾಮ. ಅದು ನೆರೆಯ ನೀರಿಗೆ ಅಡ್ಡಲಾಗಿ ನಿಂತು ಮೇಲ್ಭಾಗದ ಮಟ್ಟವನ್ನು ಹೆಚ್ಚಿಸುತ್ತದೆ. ಹಿಂದಿನ ನೆರೆಯಲ್ಲಿ ನೀರು ತಮ್ಮ ಹೊಸ್ತಿಲಿಗೆ ಬಂದಿರಲಿಲ್ಲ ಎಂಬ ನಂಬಿಕೆಯಿಂದ ಮನೆಯಲ್ಲೇ ಉಳಿದವರು ಅನುಭವವಿಲ್ಲದವರಲ್ಲ. ಅವರ ಅನುಭವಕ್ಕೆ ಆಧಾರವಾಗಿದ್ದ ನದಿಯೇ ಬದಲಾಗಿತ್ತು.

ಘಟಪ್ರಭೆಯ ದಂಡೆಯ ಗೋಕಾಕದ ಸ್ಥಿತಿ ಇನ್ನೊಂದು ಬಗೆಯದು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಇದೆಯಾದ್ದರಿಂದ ಅಲ್ಲಿಂದ ಬಿಟ್ಟ ನೀರಿನ ಅಂಕಿ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಅಣೆಕಟ್ಟಿನ ಕೆಳಗೆ ಬಂದು ಸೇರುವ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ತಮ್ಮ ಮಳೆಯನ್ನು ಪ್ರತ್ಯೇಕವಾಗಿ ತರುತ್ತವೆ. ಹಿಡಕಲ್ ಅಂಕಿಯನ್ನಷ್ಟೇ ನಂಬಿದವರ ಲೆಕ್ಕ ತಪ್ಪುವುದು ಇಲ್ಲಿಯೇ. ಉಪನದಿಗಳ ಮಟ್ಟವನ್ನು ಮುಖ್ಯ ನದಿಯ ಅಂಕಿಯೊಡನೆ ಒಂದೇ ಪ್ರಕಟಣೆಯಲ್ಲಿ ಕೊಡುವುದು ಕಷ್ಟವಲ್ಲ, ಕೊಡಲೇಬೇಕು.

ಇದುವರೆಗೆ ಹೇಳಿದ್ದು ದಿನಗಳ ಲೆಕ್ಕದಲ್ಲಿ ಬರುವ ನೆರೆಯ ವಿಚಾರ. ಗಂಟೆಗಳಲ್ಲಿ ಬರುವ ನೆರೆ ಅದಕ್ಕಿಂತ ಕ್ರೂರ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದ ಬಯಲಿನ ಮೇಲೆಯೇ, ಎಂದರೆ ಘಟ್ಟದಲ್ಲಲ್ಲ, ಸತತವಾಗಿ ಸುರಿದ ಮಳೆಯಿಂದ ದೊಡ್ಡ ನದಿಗಳ ಜೊತೆಗೆ ಹಳ್ಳಕೊಳ್ಳಗಳೆಲ್ಲ ಉಕ್ಕಿದವು. ತುಂಗಭದ್ರೆಯ ದಂಡೆಯ ಮಂತ್ರಾಲಯವೂ ಆಗ ಮುಳುಗಿತು. ವಿಜಯಪುರ ಜಿಲ್ಲೆಯ ಡೋಣಿ, ನವಲಗುಂದ, ನರಗುಂದ ಮತ್ತು ರೋಣದ ಎರೆನಾಡನ್ನು ಹಾದು ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳ, ಇಂಥವುಗಳಿಗೆ ಘಟ್ಟದ ದೂರವಿಲ್ಲ, ಅಣೆಕಟ್ಟಿನ ಬಾಗಿಲಿಲ್ಲ, ಹಲವೆಡೆ ಅಳತೆಪಟ್ಟಿಯೂ ಇಲ್ಲ. ಎರೆಮಣ್ಣು ತೇವವಾದ ಮೇಲೆ ನೀರನ್ನು ಒಳಕ್ಕೆ ಬಿಡದಿರುವುದರಿಂದ ಸಂಜೆಯ ಮಳೆ ರಾತ್ರಿಗೇ ಹಳ್ಳದ ಪೂರವಾಗುತ್ತದೆ. ಇಲ್ಲಿ ನದಿಯ ಮಟ್ಟಕ್ಕಾಗಿ ಕಾಯುವಂತಿಲ್ಲ. ಪಂಚಾಯಿತಿಯ ಮಳೆಮಾಪಕವೇ ಎಚ್ಚರಿಕೆಯ ಗಂಟೆಯಾಗಬೇಕು. ಮೇಲ್ಭಾಗದ ನಾಲ್ಕಾರು ಪಂಚಾಯಿತಿಗಳಲ್ಲಿ ಮೂರು ಗಂಟೆಯೊಳಗೆ ಇಷ್ಟು ಮಿಲಿಮೀಟರ್ ಮೀರಿದರೆ ಕೆಳಗಿನ ಊರುಗಳಿಗೆ ಕರೆ ಹೋಗಬೇಕೆಂಬ ನಿಯಮವನ್ನು ಹಳ್ಳಹಳ್ಳಕ್ಕೂ ಬೇರೆಬೇರೆಯಾಗಿ ಗೊತ್ತುಮಾಡಲು ಬೇಕಾದ ಮಾಹಿತಿ ರಾಜ್ಯದ ಬಳಿ ವರ್ಷಗಳಿಂದ ಸಂಗ್ರಹವಾಗಿದೆ. ಹಳ್ಳ ದಾಟುವಾಗ ಎತ್ತಿನ ಬಂಡಿ, ದ್ವಿಚಕ್ರ ವಾಹನ ಮತ್ತು ಬಸ್ಸುಗಳು ಕೊಚ್ಚಿಹೋದ ಸುದ್ದಿ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಮೊಣಕಾಲೆತ್ತರದ ವೇಗದ ನೀರು ಬೆಳೆದ ಮನುಷ್ಯನನ್ನೂ ಕೆಡವಬಲ್ಲದೆಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಎಚ್ಚರಿಕೆ ಸಾಗುವ ದಾರಿಯನ್ನು ನೋಡಿದರೆ, 2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಜಿಲ್ಲೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಅವರಿಂದ ತಹಶೀಲ್ದಾರರಿಗೆ, ಅಲ್ಲಿಂದ ಗ್ರಾಮಕ್ಕೆ ನಿಯೋಜಿಸಿದ ನೋಡಲ್ ಅಧಿಕಾರಿಗೆ, ಅಲ್ಲಿಂದ ಪಂಚಾಯಿತಿಗೆ ಸುದ್ದಿ ಇಳಿಯುತ್ತದೆ. ಪಂಚಾಯಿತಿಯಿಂದ ಮುಂದೆ ಡಂಗುರ, ಧ್ವನಿವರ್ಧಕ ಕಟ್ಟಿದ ವಾಹನ, ಗುಡಿ ಮತ್ತು ಮಸೀದಿಯ ಮೈಕು. ಊರಿನ ಓಣಿಗಳಿಗೆ ಇಷ್ಟು ಸಾಕು. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಅಸಂಖ್ಯ ಕುಟುಂಬಗಳು ಊರೊಳಗೆ ವಾಸಿಸುವುದಿಲ್ಲ. ಅವರ ಮನೆಗಳು ಕಬ್ಬಿನ ನಡುವೆ, ತೋಟದ ವಸತಿಗಳಲ್ಲಿ, ಒಂದರಿಂದ ಒಂದು ದೂರದಲ್ಲಿ ಇವೆ. ಆಳೆತ್ತರ ಬೆಳೆದ ಕಬ್ಬು ಡಂಗುರದ ಸದ್ದನ್ನು ನುಂಗುತ್ತದೆ, ನೀರು ಏರಿ ಬರುವುದನ್ನೂ ಕಣ್ಣಿನಿಂದ ಮರೆಮಾಡುತ್ತದೆ, ಊರಿಗೆ ಹೋಗುವ ಗಾಡಿದಾರಿ ಎಲ್ಲಕ್ಕಿಂತ ಮೊದಲು ಮುಳುಗುತ್ತದೆ. ನೆರೆಯ ದಿನಗಳಲ್ಲಿ ಬೋಟಿನಿಂದ ರಕ್ಷಿಸಬೇಕಾಗಿ ಬರುವವರಲ್ಲಿ ಇಂಥ ತೋಟದ ಮನೆಯವರು ಇರುವುದು ಆಕಸ್ಮಿಕವಲ್ಲ. ಪ್ರತಿ ಪಂಚಾಯಿತಿಯೂ ತೋಟದ ವಸತಿಗಳ ಪಟ್ಟಿ ಮಾಡಿ, ಇಂತಿಷ್ಟು ಮನೆಗಳಿಗೆ ಖುದ್ದಾಗಿ ಹೋಗಿ ಹೇಳುವ ಹೊಣೆ ಇಂಥವರದು ಎಂದು ಮಳೆಗಾಲಕ್ಕೆ ಮೊದಲೇ ಹೆಸರಿಟ್ಟು ಹಂಚಿಕೊಳ್ಳುವುದಕ್ಕಿಂತ ಉತ್ತಮ ಉಪಾಯ ಇದುವರೆಗೆ ಯಾವ ಯಂತ್ರವೂ ಕೊಟ್ಟಿಲ್ಲ.

ಯಂತ್ರಗಳ ನೆರವು ಬೇಡವೆಂದು ಇದರ ಅರ್ಥವಲ್ಲ. ಒಂದು ಮೊಬೈಲ್ ಗೋಪುರದ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ, ಸಂಖ್ಯೆಗಳ ಪಟ್ಟಿಯೇ ಇಲ್ಲದೆ, ಏಕಕಾಲಕ್ಕೆ ಜೋರಾದ ಸದ್ದಿನೊಡನೆ ಎಚ್ಚರಿಕೆ ತಲುಪಿಸುವ ‘ಸೆಲ್ ಬ್ರಾಡ್‌ಕಾಸ್ಟ್’ ಎಂಬ ವಿಧಾನವನ್ನು 2023ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಪರೀಕ್ಷಿಸಲಾಯಿತು. ಸಾಮಾನ್ಯ ಕಿರುಸಂದೇಶ ಹೆಸರು ನೋಂದಾಯಿಸಿದವರಿಗೆ ಒಬ್ಬೊಬ್ಬರಿಗಾಗಿ ಹೋಗುತ್ತದೆ, ಜಾಲದ ಮೇಲೆ ಒತ್ತಡ ಹೆಚ್ಚಿದಾಗ ತಡವಾಗುತ್ತದೆ. ಇದರಲ್ಲಿ ಆ ತೊಂದರೆ ಇಲ್ಲ, ಆ ಹೊತ್ತಿಗೆ ಊರಿಗೆ ಬಂದ ನೆಂಟನ ಫೋನಿಗೂ ಅದು ತಲುಪುತ್ತದೆ. ಇಷ್ಟಾದರೂ ನೆರೆಯ ರಾತ್ರಿಗಳಲ್ಲಿ ವಿದ್ಯುತ್ ಹೋಗುವುದು, ಗೋಪುರದ ಬ್ಯಾಟರಿ ಮುಗಿಯುವುದು, ಫೋನು ಆರುವುದು ಸಾಮಾನ್ಯವಾದ್ದರಿಂದ, ಶೆಲ್ ಹಾಕಿದ ಒಂದು ರೇಡಿಯೊ ಮನೆಯಲ್ಲಿರುವುದು ಈ ಕಾಲದಲ್ಲಿಯೂ ಅನವಶ್ಯಕವಲ್ಲ.

ಬಣ್ಣಗಳ ವಿಚಾರದಲ್ಲಿ ಗೊಂದಲವೊಂದಿದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಮುಂದೆ ಬರಲಿರುವ ಮಳೆಗೆ ಆಡಳಿತ ಎಷ್ಟು ಸಿದ್ಧವಾಗಬೇಕು ಎಂದು ಹೇಳುತ್ತವೆ, ಅದೂ ಇಡೀ ಜಿಲ್ಲೆಗೆ ಸೇರಿಸಿ. ಜಲ ಆಯೋಗದ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಾದರೋ ಒಂದು ನಿರ್ದಿಷ್ಟ ಸ್ಥಳದಲ್ಲಿ ನದಿ ಯಾವ ಗೆರೆಯನ್ನು ದಾಟಿದೆ ಎಂದು ಹೇಳುತ್ತವೆ. ಅಲ್ಲಿ ಕಿತ್ತಳೆ ಎಂದರೆ ಅಪಾಯದ ಮಟ್ಟ ಮೀರಿದೆ ಎಂದೂ, ಕೆಂಪು ಎಂದರೆ ಗರಿಷ್ಠ ನೆರೆ ಮಟ್ಟವನ್ನೂ ಮುಟ್ಟಿದೆ ಅಥವಾ ಮೀರಿದೆ ಎಂದೂ ಅರ್ಥ. ಬೆಳಗಾವಿ ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ ಎಂದಾಗ ಅದು ಖಾನಾಪುರದ ಕಾಡಿನ ಮಳೆಯನ್ನು ಕುರಿತದ್ದಿರಬಹುದು, ಅಥಣಿಯ ಹೊಳೆಯನ್ನು ಕುರಿತದ್ದಲ್ಲದಿರಬಹುದು. ಇಂಥ ಎಚ್ಚರಿಕೆಗಳು ವಾರಕ್ಕೆರಡು ಸಲ ಬಂದು ಏನೂ ಆಗದೆ ಹೋದರೆ ಜನ ಕಿವಿಗೊಡುವುದನ್ನು ಬಿಡುತ್ತಾರೆ, ಅದಕ್ಕಾಗಿ ಅವರನ್ನು ದೂರುವುದು ಸರಿಯಲ್ಲ.

ಎಚ್ಚರಿಕೆ ತಲುಪಿದ ಮೇಲೂ ಜನ ಮನೆ ಬಿಡುವುದಿಲ್ಲ ಎಂಬುದು ಅಧಿಕಾರಿಗಳ ನಿತ್ಯದ ದೂರು. ಅದರ ಕಾರಣವನ್ನು ಕೊಟ್ಟಿಗೆಯಲ್ಲಿ ಹುಡುಕಬೇಕು. ಎರಡು ಎಮ್ಮೆ, ಒಂದು ಜೊತೆ ಎತ್ತು, ನಾಲ್ಕು ಆಡುಗಳು ಒಂದು ಸಣ್ಣ ಹಿಡುವಳಿಯ ಕುಟುಂಬದ ಇಡೀ ಉಳಿತಾಯವಾಗಿರುತ್ತವೆ. ಶಾಲೆಯ ಕೋಣೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಅನ್ನ ಮತ್ತು ಹಾಸಿಗೆ ಇದ್ದು ದನಗಳಿಗೆ ಮೇವು ಮತ್ತು ನೆರಳು ಇಲ್ಲದಿದ್ದರೆ, ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕಳಿಸಿ ಗಂಡಸರು ದನಗಳ ಜೊತೆ ಉಳಿಯುತ್ತಾರೆ. ಬೀಗ ಹಾಕಿದ ಮನೆಗೆ ಕಳ್ಳತನದ ಭಯವೂ, ಊರು ಬಿಟ್ಟವರಿಗೆ ಮುಂದೆ ಪರಿಹಾರದ ಸಮೀಕ್ಷೆಯಲ್ಲಿ ಹೆಸರು ತಪ್ಪೀತೆಂಬ ಭಯವೂ ಇದಕ್ಕೆ ಸೇರುತ್ತವೆ. ಹೀಗಿರುವಲ್ಲಿ ಎಚ್ಚರಿಕೆಯ ಪ್ರಕಟಣೆಯಲ್ಲೇ ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು, ಮೇವು ಎಲ್ಲಿದೆ, ಪಶುವೈದ್ಯರು ಎಲ್ಲಿ ಸಿಗುತ್ತಾರೆ ಎಂಬುದು ಸೇರಿದ್ದರೆ ಜನ ಹೊರಡುತ್ತಾರೆ. ದನಗಳು ನಡೆದೇ ಹೋಗಬೇಕಾದ್ದರಿಂದ ಅವುಗಳಿಗೆ ಬೇಕಾದ ಅವಧಿ ಮನುಷ್ಯರಿಗೆ ಬೇಕಾದದ್ದಕ್ಕಿಂತ ದೀರ್ಘ. ಕತ್ತಲಾದ ಮೇಲೆ ಅವುಗಳನ್ನು ನೀರು ನಿಂತ ದಾರಿಯಲ್ಲಿ ನಡೆಸುವುದು ಕಷ್ಟ. ಜಲಾಶಯಗಳಿಂದ ಹೆಚ್ಚಿನ ನೀರು ಬಿಡುವ ತೀರ್ಮಾನವನ್ನು, ಅಣೆಕಟ್ಟಿನ ಸುರಕ್ಷತೆಗೆ ಧಕ್ಕೆಯಿಲ್ಲದ ಮಟ್ಟಿಗೆ, ಹಗಲಲ್ಲೇ ಕೈಗೊಂಡು ಹಂತಹಂತವಾಗಿ ಏರಿಸಬೇಕೆಂಬ ಬೇಡಿಕೆಯ ಹಿಂದೆ ಇರುವುದು ಈ ವಾಸ್ತವ.

ನದಿಗೆ ರಾಜ್ಯದ ಗಡಿ ಗೊತ್ತಿಲ್ಲವಾದರೂ ಕಡತಗಳಿಗೆ ಗೊತ್ತು. ಆಲಮಟ್ಟಿಯ ಹಿನ್ನೀರಿನಿಂದ ಸಾಂಗ್ಲಿ ಮುಳುಗುತ್ತದೆ ಎಂಬ ಆಕ್ಷೇಪವೂ, ಕೊಯ್ನಾ ಅಣೆಕಟ್ಟಿನಿಂದ ತಿಳಿಸದೆ ನೀರು ಬಿಡುತ್ತಾರೆ ಎಂಬ ಆಕ್ಷೇಪವೂ ವರ್ಷಗಳಿಂದ ಕೇಳಿಬಂದಿವೆ. 2021ರ ಜೂನ್‌ನಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವೆ ಬೆಂಗಳೂರಿನಲ್ಲಿ ಮಾತುಕತೆ ನಡೆದು, ಮಳೆಗಾಲದಲ್ಲಿ ಜಲಾಶಯಗಳ ಮಾಹಿತಿಯನ್ನು ಆಗಿಂದಾಗ ಹಂಚಿಕೊಳ್ಳುವ ವಿಷಯದಲ್ಲಿ ಒಮ್ಮತ ಮೂಡಿತು. ಎಂಜಿನಿಯರುಗಳ ಮಟ್ಟದಲ್ಲಿ ಈ ಸಂಪರ್ಕ ಇಂದು ಮೊದಲಿಗಿಂತ ಚೆನ್ನಾಗಿದೆ. ಕಚೇರಿಯಿಂದ ಕಚೇರಿಗೆ ಹೋಗುವ ಆ ಮಾಹಿತಿ ಅದೇ ಗಂಟೆಯಲ್ಲಿ ಸಾರ್ವಜನಿಕವಾಗಿಯೂ, ಗಡಿಯ ಹಳ್ಳಿಗಳ ಮಟ್ಟಿಗೆ ಕನ್ನಡ ಮತ್ತು ಮರಾಠಿ ಎರಡರಲ್ಲೂ, ಪ್ರಕಟವಾದರೆ ವದಂತಿಗೆ ಜಾಗ ಕಡಿಮೆಯಾಗುತ್ತದೆ. ನೆರೆಯ ದಿನಗಳಲ್ಲಿ ಅಣೆಕಟ್ಟು ಒಡೆಯಿತೆಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಹಾರಿ ಜನ ರಾತ್ರೋರಾತ್ರಿ ಓಡುವಂತಾದರೆ, ಅದರ ಮರುದಿನ ಬರುವ ನಿಜವಾದ ಎಚ್ಚರಿಕೆಗೆ ಬೆಲೆ ಉಳಿಯುವುದಿಲ್ಲ.

ನೀರು ಇಳಿಯತೊಡಗಿದಾಗ ಪ್ರಕಟಣೆಗಳು ನಿಂತುಬಿಡುವುದು ಈಗಿನ ರೂಢಿ, ಆದರೆ ಇಳಿಯುವ ನದಿಗೂ ಮುನ್ಸೂಚನೆ ಬೇಕು. ನೆನೆದ ಮಣ್ಣಿನ ಗೋಡೆಗಳು ನೀರು ಇಳಿದ ಮೇಲೆ ಬಿಸಿಲಿಗೆ ಒಣಗುವಾಗ ಕುಸಿಯುತ್ತವೆ. ಮುಳುಗಿದ್ದ ಸೇತುವೆಯ ಬುಡದ ಮಣ್ಣು ಕೊರೆದುಹೋಗಿದ್ದರೂ ಮೇಲಿನ ರಸ್ತೆ ಗಟ್ಟಿಯಾಗಿಯೇ ಕಾಣಿಸುತ್ತದೆ. ಕುಡಿಯುವ ನೀರಿನ ಬಾವಿಗಳಲ್ಲಿ ನೆರೆಯ ಕೊಳೆ ಉಳಿದಿರುತ್ತದೆ. ಮನೆಯ ಸಂದುಗಳಲ್ಲಿ ಹಾವುಗಳು ಸೇರಿಕೊಂಡಿರುತ್ತವೆ. ಸೇತುವೆಯನ್ನು ಎಂಜಿನಿಯರು ಪರೀಕ್ಷಿಸಿ ಸಂಚಾರಕ್ಕೆ ತೆರೆದಿದ್ದಾರೆ, ವಿದ್ಯುತ್ ಮಾರ್ಗವನ್ನು ನೋಡಿ ಸಂಪರ್ಕ ಕೊಡಲಾಗಿದೆ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲಾಗಿದೆ, ಇನ್ನು ಇಂಥ ಓಣಿಯವರು ಮನೆಗೆ ಮರಳಬಹುದು ಎಂಬ ಪ್ರಕಟಣೆಯನ್ನು, ಮೊದಲ ಎಚ್ಚರಿಕೆಯನ್ನು ಸಾರಿದ ಅದೇ ಡಂಗುರ ಮತ್ತು ಅದೇ ಮೈಕಿನಿಂದ ಊರೂರಿಗೆ ಸಾರಬೇಕು. ತೋಟದ ವಸತಿಗಳಿಗೆ ಖುದ್ದಾಗಿ ಹೋಗಿ ಹೊರಡಿರೆಂದು ಹೇಳಿದವರೇ ಮರಳಿ ಹೋಗಿ ಇದನ್ನೂ ತಿಳಿಸಬೇಕು.